ಸವಾರನ ಚುಕ್ಕಿ ಯಾರ ಕೈಯಲ್ಲಿರಬೇಕು? ದೂರದ ಬೈಕ್ ರ‍್ಯಾಲಿಗಳಲ್ಲಿ ಸ್ಥಳದ ಖಾಸಗಿತನ ಕುರಿತು

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಹೊರಟು ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ಲು, ಕುಷ್ಟಗಿ, ಹೊಸಪೇಟೆ ದಾರಿಯಲ್ಲಿ ಸುತ್ತು ಹಾಕುತ್ತ 24 ಗಂಟೆ ನಡೆಯುವ ನಮ್ಮ ಚಳಿಗಾಲದ ಬೈಕ್ ಓಟದ ನಿಯಮಗಳನ್ನು ಈ ವರ್ಷ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಲ್ಮೆಟ್, ಟೈರು, ವಿಮೆ, ಕಡ್ಡಾಯ ವಿರಾಮ ಇವುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಸವಾರ ಆ ಕ್ಷಣ ಎಲ್ಲಿದ್ದಾನೆಂದು ತೋರಿಸುತ್ತ ನಕ್ಷೆಯ ಮೇಲೆ ಓಡುವ ಚುಕ್ಕಿಯ ಬಗ್ಗೆ.

ಕಳೆದ ಬಾರಿ 26 ಸವಾರರ ಫೋನುಗಳನ್ನೂ ಒಂದೇ ನಕ್ಷೆಗೆ ಜೋಡಿಸಿ, ಅದರ ಲಿಂಕನ್ನು ಸಂಘಟಕರಾದ ನಾವೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆವು. ಸಂಜೆಯೊಳಗೆ ಅದು ಬೀಗರ ಗುಂಪು, ಹಳೆಯ ಕಾಲೇಜು ಗೆಳೆಯರ ಗುಂಪು, ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರ ಗುಂಪು ಎಲ್ಲವನ್ನೂ ಸುತ್ತಿ ಬಂದಿತ್ತು. ಪ್ರತಿಯೊಂದು ಚುಕ್ಕಿಯ ಪಕ್ಕದಲ್ಲಿ ಸವಾರರ ಹೆಸರು, ಗಾಡಿ ನಂಬರ್ ಮತ್ತು ಆ ಕ್ಷಣದ ವೇಗ ಇದ್ದವು. ಅದನ್ನು ಹಾಕಿದವನು ನಾನೇ ಆದ್ದರಿಂದ ಬೇರೆಯವರ ಮೇಲೆ ತಪ್ಪು ಹೊರಿಸುವ ಪ್ರಶ್ನೆಯೇ ಇಲ್ಲ.

ಅಮೆರಿಕದಲ್ಲಿ 1984ರಿಂದ ನಡೆದುಬಂದಿರುವ, 11 ದಿನಗಳಲ್ಲಿ 11,000 ಮೈಲಿ ಎಂದೇ ಹೆಸರಾದ ಐರನ್ ಬಟ್ ರ‍್ಯಾಲಿಯಲ್ಲಿ ಯಾವ ತಾಣಕ್ಕೆ ಹೋದರೆ ಎಷ್ಟು ಅಂಕ ಎಂದು ಲೆಕ್ಕ ಹಾಕಿ ದಾರಿ ಆರಿಸಿಕೊಳ್ಳುವುದೇ ಆಟದ ತಿರುಳು. ಅಲ್ಲಿ ಒಬ್ಬ ಸವಾರ ಎಲ್ಲಿದ್ದಾನೆಂದು ಹೊರಗೆ ಹೇಳುವುದೆಂದರೆ ಇಸ್ಪೀಟಿನಲ್ಲಿ ಅವನ ಕೈಯ ಎಲೆಗಳನ್ನು ಎದುರಾಳಿಗೆ ತೋರಿಸಿದಂತೆ. ನಮ್ಮ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು, ಬಚ್ಚಿಡಬೇಕಾದ ತಂತ್ರ ಇಲ್ಲಿಲ್ಲ. ಹಾಗಿರುವಾಗ ಚುಕ್ಕಿಯನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು, ಓಟ ಮುಗಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದನ್ನು ಇಲ್ಲಿ ಚರ್ಚಿಸಿ ತೀರ್ಮಾನಿಸೋಣ.

ಕುಷ್ಟಗಿ ಕ್ರಾಸ್

ಕೋಟೆಗುಡ್ಡದವರೇ, ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ಬೇಸರಿಸಬೇಡಿ. ರಸ್ತೆ ಸಾರ್ವಜನಿಕ, ಗಾಡಿಯ ನಂಬರ್ ಫಲಕ ಸಾರ್ವಜನಿಕ, ಹಗಲು ಹೊತ್ತಿನಲ್ಲಿ ಹೊಸಪೇಟೆ ರಸ್ತೆಯಲ್ಲಿ ಹೋಗುವವನನ್ನು ಊರೆಲ್ಲ ನೋಡುತ್ತದೆ. ಹೀಗಿರುವಾಗ ನಕ್ಷೆಯ ಮೇಲಿನ ಚುಕ್ಕಿಯಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂಬುದು ನನಗೆ ಅರ್ಥವಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬ ಇದೇ ದಾರಿಯಲ್ಲಿ ರಾತ್ರಿ ಬೇವಿನ ಮರದ ಬುಡದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ. ಅವನ ತಮ್ಮ ಫೋನಿನಲ್ಲಿ ಸ್ಥಳ ನೋಡಿಕೊಂಡು ಹೋದದ್ದರಿಂದ ಅವನು ಸಿಕ್ಕಿದ. ಚುಕ್ಕಿ ಇಲ್ಲದಿದ್ದರೆ ಬೆಳಗಿನ ತನಕ ಅಲ್ಲೇ ಬಿದ್ದಿರುತ್ತಿದ್ದ. ಹೆಚ್ಚು ಕಣ್ಣುಗಳಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎಡದಂಡೆ, ರಾಯಚೂರು ಜಿಲ್ಲೆ

ಸರ್, ತಮ್ಮ ಗೆಳೆಯರನ್ನು ಹುಡುಕಿದ್ದು ಅವರ ತಮ್ಮ. ಆ ಒಂದು ಜೊತೆ ಕಣ್ಣಿಗೆ ಸ್ಥಳ ಕಾಣಬಾರದು ಎಂದು ಯಾರೂ ಹೇಳುತ್ತಿಲ್ಲ. ಕಳೆದ ಓಟದಲ್ಲಿ ನನಗೆ ಆದದ್ದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ಬೆಳಗಿನ ಜಾವ ನಾಲ್ಕೂವರೆಗೆ ಸಿಂಧನೂರಿನ ಹೊರವಲಯದ ಒಂದು ಪೆಟ್ರೋಲ್ ಬಂಕಿಗೆ ಬಂದೆ. ಅಲ್ಲಿ ಗಾಳಿ ತುಂಬುವ ಯಂತ್ರದ ಪಕ್ಕದಲ್ಲಿ ಸಿಮೆಂಟಿನ ಕಟ್ಟೆಯೊಂದಿದೆ, ಅದರ ಮೇಲೆ ಹೆಲ್ಮೆಟ್ಟನ್ನೇ ತಲೆದಿಂಬು ಮಾಡಿಕೊಂಡು 40 ನಿಮಿಷ ಮಲಗುವುದು ನನ್ನ ಲೆಕ್ಕಾಚಾರವಾಗಿತ್ತು. ದೂರದ ಸವಾರಿ ಮಾಡುವವರಿಗೆ ಈ ನಿದ್ದೆಯ ಬೆಲೆ ಗೊತ್ತು. ಒಂದು ಕೈಗವಸು ಬಿಚ್ಚಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿರುವಾಗ ಮೂವರು ಹುಡುಗರು ಹತ್ತಿರ ಬಂದರು. ಒಬ್ಬನ ಕೈಯಲ್ಲಿ ಫೋನು, ಫೋನಿನಲ್ಲಿ ನನ್ನ ಚುಕ್ಕಿ. 'ಅಕ್ಕಾ, ನೀವು ಇಲ್ಲಿಗೇ ಬರ್ತೀರಿ ಅಂತ ನಮಗೆ ಗೊತ್ತಿತ್ತು, ಮೂರು ಗಂಟೆಯಿಂದ ಕಾಯ್ತಿದ್ದೀವಿ' ಎಂದರು. ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಅವರ ಮಾತಿನಲ್ಲಾಗಲಿ ನಡತೆಯಲ್ಲಾಗಲಿ ತಪ್ಪು ಹುಡುಕಲಾರೆ. ಚಹಾ ಕುಡಿದೆ, ಫೋಟೋ ತೆಗೆಸಿಕೊಂಡೆ, ಆ ಫೋಟೋ ನಾನು ಅಲ್ಲಿಂದ ಹೊರಡುವ ಮೊದಲೇ ಗುಂಪಿನಲ್ಲಿತ್ತು.

ಆದರೆ ಅಲ್ಲಿ ಮಲಗಲಿಲ್ಲ. ಯಾವ ಹೆಣ್ಣುಮಗಳು ಮಲಗಿಯಾಳು? ಮೂವರಿಗೆ ಗೊತ್ತಿರುವುದು ಮೂವತ್ತು ಮಂದಿಗೂ ಗೊತ್ತಿರಬಹುದು ಎಂದುಕೊಂಡು ಗಾಡಿ ಹತ್ತಿದೆ. ಮಸ್ಕಿ ಬರುವಷ್ಟರಲ್ಲಿ ಎರಡು ಬಾರಿ ಕಣ್ಣು ಮುಚ್ಚಿತ್ತು. ಎರಡನೆಯ ಬಾರಿ ಎಚ್ಚರಗೊಂಡಾಗ ಗಾಡಿಯ ಮುಂದಿನ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿದಿತ್ತು. ಆ ಮೇಲೆ ಮಸ್ಕಿಯ ಹೊಟೇಲೊಂದರ ಮುಂದೆ ಗಾಡಿಗೆ ಒರಗಿ ಕೂತು ಬೆಳಕು ಹರಿಸಿದೆ. ಅಂದು ನನ್ನನ್ನು ಅಪಾಯಕ್ಕೆ ತಂದದ್ದು ಅಪರಿಚಿತರ ದುರುದ್ದೇಶವಲ್ಲ, ತಪ್ಪಿಹೋದ 40 ನಿಮಿಷದ ನಿದ್ದೆ. ಸಾಲದ್ದಕ್ಕೆ ನಮ್ಮದು ಸುತ್ತು ಹಾಕುವ ಓಟ. ಒಂದು ಬಾರಿ ಬಂದ ಬಂಕಿಗೆ ಮುಂದಿನ ಸುತ್ತಿನಲ್ಲೂ ಹೆಚ್ಚುಕಡಿಮೆ ಎಷ್ಟು ಹೊತ್ತಿಗೆ ಬರುತ್ತೇವೆಂದು ಚುಕ್ಕಿ ನೋಡಿದ ಯಾರು ಬೇಕಾದರೂ ಬೆರಳೆಣಿಸಿ ಹೇಳಬಲ್ಲರು.

ಹಟ್ಟಿ ರಾತ್ರಿಪಾಳಿ

ಅಕ್ಕನವರ ಬರಹ ಓದಿದ ಮೇಲೆ ನಾನೂ ಒಂದು ತಪ್ಪೊಪ್ಪಿಗೆ ಬರೆಯಲೇಬೇಕು. ಕಳೆದ ಓಟದಲ್ಲಿ ರಾತ್ರಿ ನಕ್ಷೆಯ ಮುಂದೆ ಕೂರುವ ಕೆಲಸ ನನ್ನದಾಗಿತ್ತು. ಲಿಂಕ್ ಇದ್ದ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಮುದಗಲ್ಲು ದಾಟಿದ ಮೇಲೆ ಒಬ್ಬ ಸವಾರನ ಚುಕ್ಕಿ 50 ನಿಮಿಷ ಕದಲಲಿಲ್ಲ. ನಾನು ಅದನ್ನು ಗಮನಿಸಿದೆ. ಗುಂಪಿನಲ್ಲಿ ಇಷ್ಟೊಂದು ಜನ ನೋಡುತ್ತಿದ್ದಾರೆ, ಅವನ ಗೆಳೆಯರು ಯಾರಾದರೂ ಆಗಲೇ ಕರೆ ಮಾಡಿರುತ್ತಾರೆ ಎಂದುಕೊಂಡೆ. ಗೆಳೆಯರು ಸಂಘಟಕರು ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಗುಂಪಿನಲ್ಲಿ ಇಬ್ಬರು 'ಯಾಕೋ ನಿಂತಿದ್ದಾನಲ್ಲ' ಎಂದು ಬರೆದರು, ಒಬ್ಬರು ನಗುವ ಮುಖ ಹಾಕಿದರು. ಕರೆ ಮಾತ್ರ ಯಾರೂ ಮಾಡಲಿಲ್ಲ. ಅವನ ಚೈನು ಕಡಿದಿತ್ತು, ಪುಣ್ಯಕ್ಕೆ ಬೇರೇನೂ ಆಗಿರಲಿಲ್ಲ. ಬಿದ್ದು ರಕ್ತ ಹರಿಯುತ್ತಿದ್ದರೂ ಆ 50 ನಿಮಿಷ ಹಾಗೆಯೇ ಕಳೆಯುತ್ತಿತ್ತು. ಕುಷ್ಟಗಿ ಕ್ರಾಸ್ ಸರ್, ಹೆಚ್ಚು ಕಣ್ಣುಗಳಿದ್ದರೆ ಒಳ್ಳೆಯದೆಂಬ ಮಾತನ್ನು ನಾನು ನಂಬುವುದನ್ನು ಬಿಟ್ಟದ್ದು ಆ ರಾತ್ರಿ.

ನನ್ನ ಅನ್ನದ ಕೆಲಸ ನೆಲದ ಕೆಳಗಿನದು. ಯಾವುದೇ ಕ್ಷಣದಲ್ಲಿ ನೆಲದ ಕೆಳಗೆ ಯಾರ‍್ಯಾರು ಇದ್ದಾರೆ ಎಂಬುದು ಮೇಲಿನ ದಾಖಲೆಯಲ್ಲಿ ಹೆಸರು ಸಮೇತ ಇರಲೇಬೇಕು, 1952ರ ಗಣಿ ಕಾಯ್ದೆಯ ಕಾಲದಿಂದಲೂ ಅದೇ ಕ್ರಮ. ಆದರೆ ಆ ದಾಖಲೆಯನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸುವುದಿಲ್ಲ. ಅದನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಮನುಷ್ಯನಿರುತ್ತಾನೆ, ಲೆಕ್ಕ ತಪ್ಪಿದರೆ ಪ್ರಶ್ನೆ ಕೇಳುವುದು ಅವನನ್ನೇ. ನಮ್ಮ ಓಟಕ್ಕೂ ಬೇಕಾದದ್ದು ಅಂಥ ಒಬ್ಬ ಮನುಷ್ಯ.

ಸವಾರನ ಮನೆಯವರು, ಕೊಪ್ಪಳ

ನಾನು ಬೈಕ್ ಓಡಿಸುವುದಿಲ್ಲ, ಓಡಿಸುವವರ ಮನೆಯವಳು. ನೀವೆಲ್ಲ ನಿಯಮ ಬರೆಯುವಾಗ ಮನೆಯಲ್ಲಿ ಎಚ್ಚರವಾಗಿ ಕೂತವರ ಮಾತೂ ಒಂದಿಷ್ಟು ಇರಲಿ. ಚುಕ್ಕಿ ಕಾಣದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆದರೆ ಕಂಡರೂ ನಿದ್ದೆ ಬರುವುದಿಲ್ಲ ಎಂಬುದು ಕಳೆದ ವರ್ಷ ತಿಳಿಯಿತು. ಸಿರುಗುಪ್ಪದ ಹತ್ತಿರ ಭತ್ತದ ಗದ್ದೆಯ ನಡುವೆ ಅವರ ಚುಕ್ಕಿ ನಿಂತದ್ದನ್ನು ನೋಡಿ ಹನ್ನೊಂದು ಬಾರಿ ಕರೆ ಮಾಡಿದೆ. ಅವರು ಗಾಡಿ ಓಡಿಸುತ್ತಲೇ ಇದ್ದರು, ನೆಟ್‌ವರ್ಕ್ ಸಿಗದೆ ಚುಕ್ಕಿ ಮಾತ್ರ ನಿಂತಿತ್ತು. ನೆಟ್‌ವರ್ಕ್ ಬಂದ ಕೂಡಲೇ ನನ್ನ ಕರೆಗಳ ಸೂಚನೆಗಳೆಲ್ಲ ಒಟ್ಟಿಗೆ ಬಂದು ಜೇಬಿನಲ್ಲಿ ಫೋನು ನಡುಗತೊಡಗಿತು, ಮನೆಯಲ್ಲಿ ಏನೋ ಆಗಿದೆ ಎಂದು ಹೆದರಿ ಅವರು ಲಾರಿಗಳ ನಡುವೆ ದಿಢೀರನೆ ಬ್ರೇಕ್ ಹಾಕಿದರಂತೆ.

ಈಗ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಅವರು ವಾಟ್ಸ್‌ಆ್ಯಪ್ಪಿನ ಲೈವ್ ಲೊಕೇಶನ್ನನ್ನು ನನಗೊಬ್ಬಳಿಗೆ ಮಾತ್ರ ಕಳುಹಿಸುತ್ತಾರೆ. ಅದು ಹೆಚ್ಚೆಂದರೆ 8 ಗಂಟೆ ನಡೆದು ತಾನೇ ನಿಲ್ಲುತ್ತದೆ, ಆದ್ದರಿಂದ 24 ಗಂಟೆಗೆ ಮೂರು ಬಾರಿ ಕಳುಹಿಸಬೇಕು. ಹಾಗೆ ಕಳುಹಿಸಲು ಅವರು ಗಾಡಿ ನಿಲ್ಲಿಸಲೇಬೇಕು ಎಂಬುದೇ ನನಗೆ ಅದರಲ್ಲಿ ಹಿಡಿಸಿದ ಗುಣ. ಗೂಗಲ್ ಮ್ಯಾಪ್ಸ್ ಮೂಲಕ ಹಂಚಿಕೊಂಡರೆ ಎದುರಿನವರ ಫೋನಿನ ಬ್ಯಾಟರಿ ಎಷ್ಟಿದೆ ಎಂಬುದೂ ಕಾಣುತ್ತದೆ, ಚುಕ್ಕಿ ನಿಂತಾಗ ಇದು ಚಾರ್ಜ್ ಮುಗಿದು ನಿಂತದ್ದೋ ಬೇರೆ ಕಾರಣವೋ ಎಂದು ಊಹಿಸಲು ಅದರಿಂದ ಅನುಕೂಲ. ಅರ್ಧ ಗಂಟೆ ಕದಲದಿದ್ದರೆ ನಾನು ಅವರಿಗೆ ಕರೆ ಮಾಡುವುದಿಲ್ಲ, ಸಂಘಟಕರ ನಿಯಂತ್ರಣ ಮೇಜಿಗೆ ಮಾಡುತ್ತೇನೆ. ಆದರೆ ಮೇಜಿನಲ್ಲಿ ಯಾರಾದರೂ ಕರೆ ಎತ್ತಬೇಕು!

ಮಸ್ಕಿ ಶಾಸನ

ವೃತ್ತಿಯಿಂದ ವಕೀಲ, ರಜೆಯಲ್ಲಿ ಸವಾರ. ಕಾನೂನಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಅರ್ಜಿ ಹಾಕಿದ್ದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಎಂಬುದು ಇಂಥದ್ದೇ ಉದ್ದೇಶಕ್ಕೆ ಎಂದು ತಿಳಿಸಿ ಪಡೆದದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎನ್ನುತ್ತದೆ. ನಮ್ಮ ಪ್ರವೇಶ ಅರ್ಜಿಯ ಕೊನೆಯಲ್ಲಿ 'ಎಲ್ಲ ನಿಯಮಗಳಿಗೂ ಒಪ್ಪಿದ್ದೇನೆ' ಎಂಬ ಒಂದೇ ಸಾಲಿನಲ್ಲಿ ಸ್ಥಳ, ಫೋಟೋ, ರಕ್ತದ ಗುಂಪು ಎಲ್ಲವನ್ನೂ ತುರುಕಿದ್ದೇವೆ. ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಸವಾರರೇ ತಮ್ಮ ಲಿಂಕನ್ನು ಫೇಸ್‌ಬುಕ್ಕಿಗೆ ಹಾಕಿಕೊಂಡು ಆಮೇಲೆ ಸಂಘಟಕರನ್ನು ದೂರಿದರೆ ಕಾಯ್ದೆ ಅವರ ಬೆನ್ನಿಗೆ ನಿಲ್ಲಲಾರದು. ಹೆಣ್ಣುಮಕ್ಕಳು ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಅವರನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಚಹಾ ತಂದ ಹುಡುಗರು ಅಲ್ಲಿಯವರೆಗೆ ಹೋದವರಲ್ಲ, ಆದರೆ ಅಲ್ಲಿಯವರೆಗೆ ಹೋಗುವವರಿಗೂ ನಾವು ಅದೇ ಲಿಂಕ್ ಕೊಟ್ಟಿದ್ದೆವು.

ನಕ್ಷೆಯಲ್ಲಿ ವೇಗ ತೋರಿಸಿದ್ದಂತೂ ಶುದ್ಧ ಅವಿವೇಕ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಡಿ ಶಿಕ್ಷಾರ್ಹ. ನಮ್ಮದು ರೇಸ್ ಅಲ್ಲ, ಸಹನೆಯ ಓಟ ಎಂದು ಬಾಯಲ್ಲಿ ಹೇಳುತ್ತ, 26 ಜನರ ವೇಗವನ್ನು ಒಂದರ ಕೆಳಗೊಂದು ಬರೆದು ಊರಿಗೆಲ್ಲ ತೋರಿಸಿದರೆ ನೋಡುವವರು ಅದನ್ನು ಏನೆಂದು ತಿಳಿಯಬೇಕು?

ಕುಷ್ಟಗಿ ಕ್ರಾಸ್

ವೇಗದ ಮಾತನ್ನು ಒಪ್ಪಿದೆ. ನನ್ನ ಅಳಿಯನೇ ಆ ಪಟ್ಟಿ ನೋಡಿ 'ಮಾವ, ನೀವು ಹದಿನೇಳನೆಯವರು' ಎಂದು ಸಂದೇಶ ಕಳುಹಿಸಿದ್ದ, ಅದನ್ನು ಓದಿದ ಮೇಲೆ ನಾನು ಎಷ್ಟರಲ್ಲಿ ಓಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೂ ನಮ್ಮ ಊರಿನ ಮಕ್ಕಳಿಗೆ, ಅಭಿಮಾನದಿಂದ ನೋಡುವವರಿಗೆ ಏನೂ ಕಾಣದಂತೆ ಮಾಡಿದರೆ ಓಟದ ಸೊಗಸೇ ಹೋಗುವುದಿಲ್ಲವೇ? ಅರ್ಧ ಗಂಟೆ ತಡವಾಗಿ ತೋರಿಸಿದರೆ ಸಾಲದೇ?

ಕೆಂಪುಧೂಳು, ಸಂಡೂರು

ಅರ್ಧ ಗಂಟೆ ತಡ ಮಾಡುವ ಉಪಾಯವನ್ನು ನಾನೂ ಯೋಚಿಸಿದ್ದೆ. ಲೆಕ್ಕ ಹಾಕಿ ನೋಡಿದರೆ ಅದು ಬೇಡದ ಕಡೆ ಕೆಲಸ ಮಾಡುತ್ತದೆ, ಬೇಕಾದ ಕಡೆ ಕೈಕೊಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು ಅರ್ಧ ಗಂಟೆಯಲ್ಲಿ 30 ಕಿಲೋಮೀಟರ್ ಮುಂದೆ ಹೋಗಿರುತ್ತಾರೆ, ಅವರನ್ನು ಯಾರೂ ಹಿಡಿಯಲಾರರು. ಆದರೆ ಓಡುತ್ತಿರುವ ಸವಾರರಿಗೆ ಅಂಥ ರಕ್ಷಣೆಯ ಅಗತ್ಯ ಕಡಿಮೆ. ಅಗತ್ಯವಿರುವುದು ಮಲಗಿರುವವರಿಗೆ. ಅಕ್ಕನವರು ಕಟ್ಟೆಯ ಮೇಲೆ 40 ನಿಮಿಷ ಮಲಗಿದ್ದರೆ ಮೂವತ್ತನೆಯ ನಿಮಿಷಕ್ಕೆ ಚುಕ್ಕಿ ಅವರ ತಲೆಯ ಮೇಲೇ ಬಂದು ಕೂರುತ್ತಿತ್ತು. ಆದ್ದರಿಂದ ಹೊರಗಿನವರಿಗೆ ಚುಕ್ಕಿಯೇ ಬೇಡ, ತಪಾಸಣಾ ಸ್ಥಳವನ್ನು ದಾಟಿ ಮುಂದಿನ ತಪಾಸಣಾ ಸ್ಥಳ ತಲುಪಿದ ಮೇಲೆ 'ಲಿಂಗಸುಗೂರು ದಾಟಿದರು' ಎಂಬ ಒಂದು ಸಾಲು ಸಾಕು. ಊರಿನ ಮಕ್ಕಳು ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ.

ಹೆಸರು ತೆಗೆದು ಬರೀ ಚುಕ್ಕಿ ಉಳಿಸೋಣ ಎಂಬ ಸಲಹೆಯೂ ಬರಬಹುದು, ಅದಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ಓಟಗಾರರು ಮತ್ತು ಸೈಕಲ್ ಸವಾರರು ಬಳಸುವ ಸ್ಟ್ರಾವಾ ಎಂಬ ಆ್ಯಪ್ ಯಾರ ಹೆಸರೂ ಇಲ್ಲದ, ಎಲ್ಲರ ಜಾಡುಗಳನ್ನು ಬೆರೆಸಿದ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತ್ತು. 2018ರ ಜನವರಿಯಲ್ಲಿ ಅದನ್ನು ನೋಡಿದವರಿಗೆ ಮರುಭೂಮಿಯ ಕತ್ತಲಿನ ನಡುವೆ ಸೈನಿಕ ನೆಲೆಗಳ ಅಂಚು ಬೆಳಗುವುದು ಕಂಡಿತು, ಸೈನಿಕರು ಬೆಳಗಿನ ಓಟಕ್ಕೆ ಹೋಗುತ್ತಿದ್ದ ದಾರಿ ಅದು. ನಮ್ಮ 26 ಚುಕ್ಕಿಗಳಲ್ಲಿ ಒಂದು ಪ್ರತಿ ಬಾರಿಯೂ ಸಂಡೂರಿನ ಒಂದೇ ಓಣಿಯಿಂದ ಹೊರಡುತ್ತಿದ್ದರೆ ಅದು ಯಾರೆಂದು ತಿಳಿಯಲು ಹೆಸರು ಬೇಕಿಲ್ಲ. ಆ ಮನೆಯಲ್ಲಿ ಇಂದು ರಾತ್ರಿ ಆ ಮನುಷ್ಯನಿಲ್ಲ ಎಂಬುದೂ ಅದರಿಂದಲೇ ತಿಳಿಯುತ್ತದೆ. ಮನೆಯ ಸುತ್ತ ವೃತ್ತ ಎಳೆದು ಮರೆಮಾಡುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ, ಆದರೆ ಹತ್ತಾರು ಜಾಡುಗಳು ಒಂದೇ ವೃತ್ತದ ಅಂಚಿನಲ್ಲಿ ನಿಂತರೆ ನಡುವೆ ಏನಿದೆ ಎಂದು ಶಾಲೆಯ ಕೈವಾರ ಹಿಡಿದ ಹುಡುಗನೂ ಹೇಳುತ್ತಾನೆ. ಅದಕ್ಕಿಂತ ಮನೆಯಿಂದ ಒಂದೆರಡು ಕಿಲೋಮೀಟರ್ ದೂರದ ಬಂಕಿಗೆ ಹೋಗಿ ಟ್ರ್ಯಾಕರ್ ಚಾಲೂ ಮಾಡುವುದು, ಬರುವಾಗಲೂ ಅಲ್ಲೇ ನಿಲ್ಲಿಸುವುದು ಸರಳ.

ಫೋಟೋಗಳ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್ಪಿನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳುಹಿಸಿದರೆ ಅದರೊಳಗಿನ ಸ್ಥಳದ ಗುರುತು ಅಳಿಸಿಹೋಗುತ್ತದೆ, ಸ್ಪಷ್ಟವಾಗಿ ಕಾಣಲೆಂದು 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಅಕ್ಷಾಂಶ ರೇಖಾಂಶ ಸಮೇತ ಹೋಗುತ್ತದೆ. ಉಪಗ್ರಹದ ಟ್ರ್ಯಾಕರ್ ತರಿಸೋಣ ಎನ್ನುವವರಿಗೆ ಇನ್ನೊಂದು ಎಚ್ಚರಿಕೆ: ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಗಳನ್ನು ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿದೇಶಿ ಪ್ರವಾಸಿಗರು ಅಂಥದ್ದನ್ನು ಚೀಲದಲ್ಲಿ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದಿದೆ. ನಮಗಿರುವುದು ಮೊಬೈಲ್ ಟವರ್ ಒಂದೇ, ಅದು ಸಂಡೂರಿನ ಘಟ್ಟದ ತಿರುವುಗಳಲ್ಲಿ ಎಷ್ಟು ಕಣ್ಣಾಮುಚ್ಚಾಲೆ ಆಡುತ್ತದೆ ಎಂಬುದು ನಿತ್ಯ ಓಡಾಡುವ ನನಗೆ ಗೊತ್ತು.

ಎಡದಂಡೆ, ರಾಯಚೂರು ಜಿಲ್ಲೆ

ಮುಂದಿನ ತಪಾಸಣಾ ಸ್ಥಳ ತಲುಪಿದ ಮೇಲೆ ಹಿಂದಿನದನ್ನು ಪ್ರಕಟಿಸುವ ಕ್ರಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಅದರ ಜೊತೆಗೆ, ಸವಾರರನ್ನು ದಾರಿಯಲ್ಲಿ ಕಂಡವರು ಫೋಟೋ ತೆಗೆದರೆ ಓಟ ಮುಗಿಯುವವರೆಗೆ ಹಾಕಬಾರದು ಎಂಬ ಮಾತೂ ಸೇರಲಿ. ನಕ್ಷೆ ಮುಚ್ಚಿ, ಫೋಟೋದ ಹಿನ್ನೆಲೆಯಲ್ಲಿ ಬಂಕಿನ ಬೋರ್ಡು ತೋರಿಸಿದರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ.

ಕೋಟೆಗುಡ್ಡ, ಬಳ್ಳಾರಿ

ಎಲ್ಲರ ಮಾತುಗಳನ್ನೂ ಓದಿ ಕರಡು ಬರೆದಿದ್ದೇನೆ. ನಕ್ಷೆಯನ್ನು ನೋಡುವುದು ನಿಯಂತ್ರಣ ಮೇಜಿನಲ್ಲಿ ಪಾಳಿಯ ಮೇಲೆ ಕೂರುವ ಇಬ್ಬರು ಮಾತ್ರ, ಅವರ ಹೆಸರು ಮತ್ತು ಪಾಳಿಯ ಹೊತ್ತು ಸವಾರರಿಗೂ ಮನೆಯವರಿಗೂ ಮೊದಲೇ ಗೊತ್ತಿರುತ್ತದೆ. 20 ನಿಮಿಷ ಚುಕ್ಕಿ ಕದಲದಿದ್ದರೆ ಸವಾರರಿಗೆ ಒಂದೇ ಒಂದು ಕರೆ, ಉತ್ತರವಿಲ್ಲದಿದ್ದರೆ ಮುಂದಿನ ತಪಾಸಣಾ ಸ್ಥಳದಿಂದ ಒಂದು ಗಾಡಿ ಹಿಂದಕ್ಕೆ ಹೊರಡಬೇಕು, ಹೊರಡುವಾಗಲೇ 112ಕ್ಕೆ ತಿಳಿಸಬೇಕು. ಮಲಗುವವರು ಮಲಗುವ ಮೊದಲು ಮೇಜಿಗೆ 'ವಿರಾಮ, 40' ಎಂದು ಸಂದೇಶ ಹಾಕಿದರೆ ಅಷ್ಟು ನಿಮಿಷ ಯಾರೂ ಅವರನ್ನು ಎಬ್ಬಿಸುವುದಿಲ್ಲ, ನಲವತ್ತೊಂದನೆಯ ನಿಮಿಷಕ್ಕೆ ಎಬ್ಬಿಸುತ್ತಾರೆ. ಮನೆಯವರಿಗೆ ಲಿಂಕ್ ಕೊಡುವುದು ಬಿಡುವುದು ಸವಾರರಿಗೆ ಬಿಟ್ಟದ್ದು, ಅದು ಸಂಘಟಕರ ನಕ್ಷೆಯಿಂದ ಹೋಗುವುದಿಲ್ಲ. ಓಟ ಮುಗಿದು ದೂರುಗಳ ಅವಧಿ ಕಳೆದ ಮೇಲೆ, ಅಂದರೆ ಏಳನೆಯ ದಿನ, ಜಾಡುಗಳನ್ನೆಲ್ಲ ಅಳಿಸುತ್ತೇವೆ. ಸ್ಥಳಕ್ಕೆ ಒಂದು, ಫೋಟೋಗೆ ಒಂದು, ಆರೋಗ್ಯದ ಮಾಹಿತಿಗೆ ಒಂದು ಎಂದು ಅರ್ಜಿಯಲ್ಲಿ ಸಹಿಗಳು ಬೇರೆ ಬೇರೆ ಇರುತ್ತವೆ.

ಜಾಡು ಅಳಿಸಿದರೆ ದೂರ ಮುಗಿಸಿದ್ದಕ್ಕೆ ಪುರಾವೆ ಏನು ಎಂದು ಕುಷ್ಟಗಿ ಕ್ರಾಸ್ ಅವರು ಫೋನಿನಲ್ಲಿ ಕೇಳಿದರು. ಐರನ್ ಬಟ್ ಸಂಘದವರು 24 ಗಂಟೆಗಳಲ್ಲಿ 1,000 ಮೈಲಿಯ ಸವಾರಿಗೆ ದಿನಾಂಕ, ಸಮಯ, ಸ್ಥಳ ಇರುವ ಪೆಟ್ರೋಲ್ ಬಿಲ್ಲುಗಳನ್ನು ಪುರಾವೆಯಾಗಿ ಪಡೆಯುತ್ತ ಬಂದಿದ್ದಾರೆ. ನಾವೂ ಹಾಗೆಯೇ ಮಾಡೋಣ. ಸವಾರರು ಬಿಲ್ಲಿನ ಫೋಟೋ ತೆಗೆದು ಗುಂಪಿಗೆ ಹಾಕಿದರೆ ಆಯಿತು.

ಹಟ್ಟಿ ರಾತ್ರಿಪಾಳಿ

ಅಣ್ಣಾ, ಗುಂಪಿಗೆ ಬೇಡ. ನನ್ನ ಮುಂದೆ ಕಳೆದ ಬಾರಿಯ ಒಂದು ಬಿಲ್ಲಿದೆ: ಬಂಕಿನ ವಿಳಾಸ, ಗಂಟೆ, ನಿಮಿಷ, ಗಾಡಿ ನಂಬರ್ ಎಲ್ಲ ಇದೆ, ಕೆಳಗೆ ಪೆನ್ನಿನಲ್ಲಿ ಗೀಚಿದ ಮೊಬೈಲ್ ನಂಬರೂ ಇದೆ. ಕಾಗದದ ಬಿಲ್ಲುಗಳನ್ನೇ ಒಂದು ಲಕೋಟೆಗೆ ಹಾಕಿಕೊಂಡು ಬಂದು ಕೊನೆಯಲ್ಲಿ ಮೇಜಿಗೆ ಕೊಡಲಿ. ಬಿಲ್ಲಿನ ಥರ್ಮಲ್ ಕಾಗದದ ಅಕ್ಷರ ನಮ್ಮ ಬಿಸಿಲಿಗೆ ಮಾಸಿಹೋಗುತ್ತದೆ, ಆದ್ದರಿಂದ ಟ್ಯಾಂಕ್ ಮೇಲಿನ ಚೀಲದಲ್ಲಿ ಇಡಬಾರದು ಎಂದೂ ಬರೆಯಿರಿ.

ಕೋಟೆಗುಡ್ಡ, ಬಳ್ಳಾರಿ

ಸರಿ, ಲಕೋಟೆ ಎಂದು ತಿದ್ದಿದ್ದೇನೆ. ರಾತ್ರಿಯ ಮೊದಲ ಪಾಳಿಗೆ ನಿಮ್ಮ ಹೆಸರನ್ನೇ ಬರೆಯಲೇ?

ಹಟ್ಟಿ ರಾತ್ರಿಪಾಳಿ

ಎರಡನೆಯ ಪಾಳಿಗೆ ಬರೆಯಿರಿ, ಎರಡು ಗಂಟೆಯಿಂದ ಆರರವರೆಗೆ. ಆ ಹೊತ್ತಿಗೆ ಎಚ್ಚರವಿರುವುದು ನನಗೆ ರೂಢಿಯಾಗಿದೆ.